1917: ಕೆನಡಾವನ್ನು ಇಬ್ಭಾಗಿಸಿದ ಚುನಾವಣೆ

ಮೊದಲ ಮಹಾಯುದ್ಧ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಯುರೋಪಿನ ಕಂದಕಗಳು, ಉಸ್ಮಾನಿಯಾ ಸಾಮ್ರಾಜ್ಯದ ಪತನ, ಹೆಚ್ಚೆಂದರೆ 1918ರಲ್ಲಿ ಹೈಫಾದಲ್ಲಿ ಹೋರಾಡಿದ ಮೈಸೂರಿನ ಕುದುರೆ ಸವಾರರು. ಆ ಸವಾರರನ್ನು ಕಳುಹಿಸುವಾಗ ಮೈಸೂರಿನ ಜನರನ್ನು ಯಾರೂ ಕೇಳಿರಲಿಲ್ಲ. ಅದೇ ಬ್ರಿಟಿಷ್ ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿದ್ದ ಕೆನಡಾದಲ್ಲಿ, 1917ರ ಡಿಸೆಂಬರ್ 17ರಂದು, ಜನರನ್ನು ಕೇಳಲಾಯಿತು. ಆದರೆ ಕೇಳುವುದಕ್ಕೆ ಮೊದಲು, ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು ಎಂಬುದನ್ನು ಸರ್ಕಾರವೇ ತೀರ್ಮಾನಿಸಿತ್ತು.

1914ರ ಆಗಸ್ಟ್ 4ರಂದು ಬ್ರಿಟನ್ ಯುದ್ಧ ಸಾರಿದ ಕ್ಷಣದಲ್ಲೇ ಕೆನಡಾ ಕೂಡ ಯುದ್ಧದೊಳಗಿತ್ತು. ಎಷ್ಟು ಜನರನ್ನು ಕಳುಹಿಸಬೇಕು ಎಂಬುದಷ್ಟೇ ಒಟ್ಟಾವಾ ಸರ್ಕಾರದ ಕೈಯಲ್ಲಿತ್ತು. ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ರಾಬರ್ಟ್ ಬೋರ್ಡನ್ ಅವರಿಗೆ ಲಿಬರಲ್ ಪಕ್ಷದ ಪ್ರತಿಪಕ್ಷ ನಾಯಕ ವಿಲ್ಫ್ರಿಡ್ ಲೋರಿಯೇ ಪೂರ್ಣ ಬೆಂಬಲ ಸೂಚಿಸಿದರು. ಫ್ರೆಂಚ್ ಭಾಷಿಕರ ಕ್ವಿಬೆಕ್ ಪ್ರಾಂತದಲ್ಲೂ ಆರಂಭದಲ್ಲಿ ವಿರೋಧ ಕೇಳಿಬರಲಿಲ್ಲ. ಮೊದಲು ಹೊರಟ ಮೂವತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಬ್ರಿಟನ್ನಿನಲ್ಲೇ ಹುಟ್ಟಿ ಕೆನಡಾಕ್ಕೆ ವಲಸೆ ಬಂದವರು. ತಾಯ್ನಾಡಿನ ಕರೆಗೆ ಅವರು ಓಗೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಕ್ವಿಬೆಕ್‌ನ ರೈತನಿಗೆ ಅಂಥ ತಾಯ್ನಾಡು ಯುರೋಪಿನಲ್ಲಿ ಇರಲಿಲ್ಲ. 1763ರಲ್ಲಿ ಫ್ರಾನ್ಸ್ ಅವನ ಪೂರ್ವಜರನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಿತ್ತು. ಕೆನಡಾ ಒಂದೇ ಅವನ ದೇಶವಾಗಿತ್ತು.

ಅವನ ಮನಸ್ಸು ಕೆಡುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನೆರೆಯ ಒಂಟಾರಿಯೋ ಪ್ರಾಂತದ ಸರ್ಕಾರ 1912ರಲ್ಲಿ ‘ನಿಯಮ 17’ ಎಂಬ ಆದೇಶ ಹೊರಡಿಸಿ, ಶಾಲೆಯ ಮೊದಲೆರಡು ವರ್ಷಗಳ ಬಳಿಕ ಫ್ರೆಂಚ್ ಮಾಧ್ಯಮದ ಬೋಧನೆಯನ್ನು ಬಹುಮಟ್ಟಿಗೆ ನಿಲ್ಲಿಸಿತ್ತು. ತಮ್ಮ ಮಕ್ಕಳ ಭಾಷೆಯನ್ನು ಶಾಲೆಯಿಂದ ಹೊರಹಾಕಿದವರೇ ಈಗ ಯುರೋಪಿನಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಡಲು ಕರೆಯುತ್ತಿದ್ದಾರೆ ಎಂಬ ಮಾತು ಕ್ವಿಬೆಕ್‌ನಲ್ಲಿ ಹರಡಿತು. ಪತ್ರಿಕಾ ಸಂಪಾದಕ ಆನ್ರಿ ಬುರಾಸಾ ಈ ವಾದವನ್ನು ಬಹಳ ಹರಿತವಾಗಿ ಮಂಡಿಸಿದರು. ಭಾಷಾ ಮಾಧ್ಯಮದ ಜಗಳಗಳನ್ನು ಕಂಡಿರುವ ಕನ್ನಡಿಗರಿಗೆ ಈ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ.

1916ರ ಹೊಸ ವರ್ಷದ ದಿನ ಬೋರ್ಡನ್ ಐದು ಲಕ್ಷ ಸೈನಿಕರನ್ನು ಒದಗಿಸುವ ವಚನ ಕೊಟ್ಟರು. ಆಗ ದೇಶದ ಜನಸಂಖ್ಯೆ ಸುಮಾರು ಎಂಬತ್ತು ಲಕ್ಷ ಮಾತ್ರ. ಆ ವರ್ಷದ ಮಾರ್ಚ್‌ನಲ್ಲಿ ಮೂವತ್ತು ಸಾವಿರ ದಾಟಿದ್ದ ತಿಂಗಳ ಭರ್ತಿ ವರ್ಷಾಂತ್ಯಕ್ಕೆ ಅದರ ಕಾಲುಭಾಗವೂ ಉಳಿಯಲಿಲ್ಲ. 1917ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ವಿಮಿ ದಿಬ್ಬವನ್ನು ಕೆನಡಾದ ಪಡೆ ಗೆದ್ದುಕೊಂಡಿತು. ಆ ನಾಲ್ಕು ದಿನಗಳಲ್ಲಿ 3,598 ಮಂದಿ ಸತ್ತರು, ಏಳು ಸಾವಿರ ಮಂದಿ ಗಾಯಗೊಂಡರು. ಲಂಡನ್ನಿನ ಸಭೆಗಳನ್ನು ಮುಗಿಸಿ, ಆಸ್ಪತ್ರೆಗಳಲ್ಲಿ ಗಾಯಾಳುಗಳನ್ನು ಕಂಡು ಮರಳಿದ ಬೋರ್ಡನ್ ಮೇ 18ರಂದು ಸಂಸತ್ತಿನಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ಘೋಷಿಸಿದರು. ಅವರನ್ನು ಬರಿಯ ಕಪಟಿ ಎಂದು ನಾವು ಹೇಳುವುದಿಲ್ಲ. ಕಂದಕದಲ್ಲಿರುವವರಿಗೆ ಮಾತು ಕೊಟ್ಟಿದ್ದೇನೆ ಎಂದು ಅವರು ನಂಬಿದ್ದರು.

ಆದರೆ ಮುಂದೆ ಚುನಾವಣೆಯಿತ್ತು. 1911ರಲ್ಲಿ ಆಯ್ಕೆಯಾದ ಸಂಸತ್ತಿನ ಅವಧಿ 1916ಕ್ಕೆ ಮುಗಿಯಬೇಕಿತ್ತು. ಯುದ್ಧದ ಕಾರಣ ಉಭಯ ಪಕ್ಷಗಳ ಒಪ್ಪಿಗೆಯಿಂದ ಅದನ್ನು ಒಂದು ವರ್ಷ ವಿಸ್ತರಿಸಲಾಗಿತ್ತು. ಮತ್ತೊಮ್ಮೆ ವಿಸ್ತರಿಸಲು ಲೋರಿಯೇ ಒಪ್ಪಲಿಲ್ಲ. ಸಮ್ಮಿಶ್ರ ಸರ್ಕಾರಕ್ಕೆ ಸೇರಿ ಎಂಬ ಬೋರ್ಡನ್‌ರ ಆಹ್ವಾನವನ್ನೂ ಅವರು ನಿರಾಕರಿಸಿದರು. ತಾವು ಕಡ್ಡಾಯ ಸೇವೆಗೆ ಕೈಜೋಡಿಸಿದರೆ ಕ್ವಿಬೆಕ್ ಪೂರ್ತಿಯಾಗಿ ಬುರಾಸಾ ಕಡೆ ವಾಲುತ್ತದೆ ಎಂಬ ಭಯ ಅವರದು. ಮೊದಲು ಜನಮತಗಣನೆ ನಡೆಯಲಿ ಎಂದು ಸಂಸತ್ತಿನಲ್ಲಿ ಅವರು ಒತ್ತಾಯಿಸಿದರು. ಆಸ್ಟ್ರೇಲಿಯಾ 1916ರಲ್ಲಿ ಹಾಗೆ ಕೇಳಿ, ಜನ ಬೇಡವೆಂದಿದ್ದರು. ಬೋರ್ಡನ್‌ರಿಗೆ ಆ ಉದಾಹರಣೆ ಹಿಡಿಸುವಂತಿರಲಿಲ್ಲ.

ಆಗಸ್ಟ್‌ನಲ್ಲಿ ಸೈನಿಕ ಸೇವಾ ಕಾಯ್ದೆ ಅಂಗೀಕಾರವಾಯಿತು. ಸೆಪ್ಟೆಂಬರ್‌ನಲ್ಲಿ ಇನ್ನೆರಡು ಕಾಯ್ದೆಗಳು ಬಂದವು. ಇವುಗಳ ಹಿಂದೆ ಆರ್ಥರ್ ಮೀಯನ್ ಎಂಬ ಯುವ ಸಚಿವರ ಚಾಣಾಕ್ಷ ಬುದ್ಧಿಯಿತ್ತು. ಒಂದು ಕಾಯ್ದೆಯಂತೆ ಸಮುದ್ರದಾಚೆಗಿನ ಸೈನಿಕರ ಹೆಂಡತಿ, ತಾಯಿ, ಮಗಳು, ಸೋದರಿಯರಿಗೆ ಮತದಾನದ ಹಕ್ಕು ದೊರೆಯಿತು. ಉಳಿದ ಹೆಂಗಸರಿಗೆ ಇಲ್ಲ! ಅದೇ ಕಾಯ್ದೆ, ಶತ್ರು ದೇಶಗಳಲ್ಲಿ ಹುಟ್ಟಿ 1902ರ ಮಾರ್ಚ್ ಬಳಿಕ ಕೆನಡಾದ ಪೌರತ್ವ ಪಡೆದವರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. ಯುದ್ಧವನ್ನು ಧಾರ್ಮಿಕ ಕಾರಣಕ್ಕೆ ಒಪ್ಪದ ಮೆನೊನೈಟ್ ಮತ್ತು ಡುಖೊಬೋರ್ ಪಂಥದವರಿಗೂ ಮತವಿಲ್ಲವಾಯಿತು. ಪಶ್ಚಿಮದ ಹುಲ್ಲುಗಾವಲು ಪ್ರಾಂತಗಳಲ್ಲಿ ನೆಲೆಸಿದ್ದ ಉಕ್ರೇನಿಯನ್ನರು ಮತ್ತು ಜರ್ಮನರನ್ನು ಭೂಮಿ ಕೊಡುತ್ತೇವೆಂದು ಕರೆದು ತಂದದ್ದು ಹಿಂದಿನ ಲೋರಿಯೇ ಸರ್ಕಾರ. ಹಾಗಾಗಿ ಅವರು ಹೆಚ್ಚಾಗಿ ಲಿಬರಲ್ ಮತದಾರರು. ಪೌರತ್ವದ ಪ್ರಮಾಣ ಸ್ವೀಕರಿಸಿ, ಕಾಡು ಕಡಿದು ಗೋಧಿ ಬೆಳೆದ ಮನುಷ್ಯ ಒಂದು ಮಸೂದೆಯ ಬಲದಿಂದ ಮತ್ತೆ ಪರಕೀಯನಾದ. ಪೌರತ್ವವೆಂಬುದು ಬಹುಮತದ ಕೃಪೆಯೇ ಎಂದು ಅವನು ಕೇಳಿದ್ದರೆ ಉತ್ತರಿಸುವವರು ಯಾರಿದ್ದರು?

ಇನ್ನೊಂದು ಕಾಯ್ದೆ ಸೈನಿಕರ ಮತಕ್ಕೆ ಸಂಬಂಧಿಸಿದ್ದು. ಅಭ್ಯರ್ಥಿಯ ಹೆಸರು ತಿಳಿಯದಿದ್ದರೆ ಸರ್ಕಾರಕ್ಕೋ ಪ್ರತಿಪಕ್ಷಕ್ಕೋ ಎಂದಷ್ಟೇ ಗುರುತು ಹಾಕಿದರೆ ಸಾಕು. ಊರು ಹೇಳಲಾಗದ ಸೈನಿಕನ ಮತವನ್ನು ಯಾವ ಕ್ಷೇತ್ರಕ್ಕೆ ಸೇರಿಸಬೇಕೆಂಬಲ್ಲಿ ಕೈಚಳಕಕ್ಕೆ ಧಾರಾಳ ಅವಕಾಶವಿತ್ತು.

ಲೋರಿಯೇ ಅವರ ಇಂಗ್ಲಿಷ್ ಭಾಷಿಕ ಸಂಗಡಿಗರು ಗಾಳಿ ಬೀಸುವ ದಿಕ್ಕನ್ನು ಕಂಡು ಅಕ್ಟೋಬರ್‌ನಲ್ಲಿ ಒಬ್ಬೊಬ್ಬರಾಗಿ ಬೋರ್ಡನ್ ಸಂಪುಟ ಸೇರಿದರು. ‘ಐಕ್ಯ ಸರ್ಕಾರ’ ರಚನೆಯಾಯಿತು. ಆ ಐಕ್ಯದಲ್ಲಿ ಕ್ವಿಬೆಕ್ ಇರಲಿಲ್ಲ ಎಂಬುದು ಬೇರೆ ಮಾತು. ತಮ್ಮ ಗಂಡುಮಕ್ಕಳನ್ನು ಸೇನೆಗೆ ಎಳೆದರೆ ಬೇಸಾಯ ಮಾಡುವವರಾರು ಎಂದು ಒಂಟಾರಿಯೋದ ರೈತರು ಗೊಣಗಿದಾಗ, ಮತದಾನಕ್ಕೆ ಎರಡು ವಾರಗಳಿರುವಾಗ ರೈತರ ಮಕ್ಕಳಿಗೆ ವಿನಾಯಿತಿ ಪ್ರಕಟವಾಯಿತು.

ಫಲಿತಾಂಶ: ಸರ್ಕಾರಕ್ಕೆ 153 ಸ್ಥಾನ, ಲೋರಿಯೇ ಪಕ್ಷಕ್ಕೆ 82. ಆ 82ರಲ್ಲಿ 62 ಸ್ಥಾನಗಳು ಕ್ವಿಬೆಕ್ ಒಂದರಿಂದಲೇ ಬಂದವು. ಅಲ್ಲಿದ್ದ 65ರಲ್ಲಿ ಬೋರ್ಡನ್‌ರಿಗೆ ದಕ್ಕಿದ್ದು ಮೂರು. 1911ರಲ್ಲಿ ಇದೇ ಪ್ರಾಂತದಲ್ಲಿ ಅವರ ಪಕ್ಷ ಮತ್ತು ಬುರಾಸಾ ಬೆಂಬಲಿಗರು ಸೇರಿ 27 ಗೆದ್ದಿದ್ದರು. ಲೋರಿಯೇ ಕಟ್ಟುವ ನೌಕಾಪಡೆ ಮುಂದೆ ಬ್ರಿಟನ್ನಿನ ಯುದ್ಧಗಳಿಗೆ ನಿಮ್ಮ ಮಕ್ಕಳನ್ನು ಎಳೆದೊಯ್ಯುತ್ತದೆ ಎಂದು ಹೆದರಿಸಿಯೇ ಆಗ ಅಲ್ಲಿ ಮತ ಕೇಳಲಾಗಿತ್ತು. ಸೈನಿಕರ ಮತಗಳಲ್ಲಿ ತೊಂಬತ್ತು ಶೇಕಡಕ್ಕೂ ಹೆಚ್ಚು ಸರ್ಕಾರಕ್ಕೆ ಬಿದ್ದವು. ನಾಗರಿಕರ ಮತಗಳನ್ನಷ್ಟೇ ಎಣಿಸಿದರೆ ಎರಡು ಪಕ್ಷಗಳ ಅಂತರ ಇಡೀ ದೇಶದಲ್ಲಿ ಒಂದು ಲಕ್ಷದ ಆಸುಪಾಸು.

ಇನ್ನೊಂದು ಲೆಕ್ಕ ಇದಕ್ಕಿಂತಲೂ ಮುಖ್ಯವೆಂದು ನಮಗೆ ತೋರುತ್ತದೆ. ಕ್ವಿಬೆಕ್‌ನವರನ್ನು ಹೇಡಿಗಳೆಂದು ಒಂಟಾರಿಯೋದ ಪತ್ರಿಕೆಗಳು ಜರೆಯುತ್ತಿದ್ದಾಗ, ಕಡ್ಡಾಯ ಸೇವೆಯ ಕರೆ ಬಂದ ಯುವಕರು ವಿನಾಯಿತಿಗೆ ಅರ್ಜಿ ಹಾಕತೊಡಗಿದ್ದರು. ಕ್ವಿಬೆಕ್‌ನಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಾಕಿದರು. ಆದರೆ ಒಂಟಾರಿಯೋದಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹಾಕಿದರು. ಮತಪೆಟ್ಟಿಗೆಯ ಮುಂದೆ ಯುದ್ಧಕ್ಕೆ ಜೈ ಎಂದ ಮನೆಯೇ ಮಗನ ಸರದಿ ಬಂದಾಗ ಅರ್ಜಿ ಬರೆಯಿತು. ಹಾಗಾದರೆ ನಕಾಶೆಯಲ್ಲಿ ಕಂಡ ಆ ಗೆರೆ ಶೂರರನ್ನೂ ಹೇಡಿಗಳನ್ನೂ ಬೇರ್ಪಡಿಸಿದ್ದಲ್ಲ. ಭಾಷೆ, ಶಾಲೆ, ಯಾರು ಯಾರ ಮಾತು ಕೇಳಬೇಕು ಎಂಬ ಹಳೆಯ ಜಗಳ ಯುದ್ಧದ ಹೆಸರಿನಲ್ಲಿ ಮತಕ್ಕೆ ಬಿದ್ದಿತ್ತು.

ಗೆದ್ದವರಿಗೆ ಸಿಕ್ಕಿದ್ದೇನು? ಯುದ್ಧ ಮುಗಿಯುವ ಹೊತ್ತಿಗೆ ಫ್ರಾನ್ಸ್ ತಲುಪಿದ ಕಡ್ಡಾಯ ಸೈನಿಕರು ಸುಮಾರು ಇಪ್ಪತ್ತನಾಲ್ಕು ಸಾವಿರ. 1918ರ ಏಪ್ರಿಲ್‌ನಲ್ಲಿ ರೈತರ ಮಕ್ಕಳ ವಿನಾಯಿತಿಯೂ ರದ್ದಾಯಿತು. ಮೋಸಹೋದ ರೈತರು ಸುಮ್ಮನಿರಲಿಲ್ಲ. 1919ರಲ್ಲಿ ಒಂಟಾರಿಯೋದಲ್ಲಿ ರೈತರ ಪಕ್ಷವೇ ಅಧಿಕಾರಕ್ಕೆ ಬಂತು. 1921ರ ಚುನಾವಣೆಯಲ್ಲಿ, ಅಷ್ಟರಲ್ಲಿ ಪ್ರಧಾನಿಯಾಗಿದ್ದ ಮೀಯನ್ ತಮ್ಮ ಕ್ಷೇತ್ರದಲ್ಲೇ ಸೋತರು, ಅವರ ಪಕ್ಷ ಮೂರನೇ ಸ್ಥಾನಕ್ಕೆ ಕುಸಿಯಿತು. ಕ್ವಿಬೆಕ್‌ನ 65 ಸ್ಥಾನಗಳೂ ಲಿಬರಲ್ ಪಾಲಾದವು. ಅದನ್ನು ಕಾಣಲು ಲೋರಿಯೇ ಇರಲಿಲ್ಲ, 1919ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು.

1917ರಲ್ಲಿ ಲೋರಿಯೇ ಪಕ್ಷದಲ್ಲೇ ನಿಂತು ಸೋತಿದ್ದ ಮೆಕೆಂಜಿ ಕಿಂಗ್ ಎರಡನೇ ಮಹಾಯುದ್ಧದಲ್ಲಿ ಪ್ರಧಾನಿಯಾಗಿದ್ದರು. ಕಡ್ಡಾಯ ಸೇವೆಯ ಮಾತು ಬಂದಾಗಲೆಲ್ಲ ಅವರು ದಿನ ತಳ್ಳಿದರು. 1942ರಲ್ಲಿ ಜನಮತಗಣನೆ ನಡೆಸಿದಾಗ ಕ್ವಿಬೆಕ್‌ನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಬೇಡವೆಂದರು, ಉಳಿದ ಪ್ರಾಂತಗಳು ಬೇಕೆಂದವು. ಕಿಂಗ್ ಮತ್ತೆ ಎರಡು ವರ್ಷ ಕಾದು, 1944ರ ನವೆಂಬರ್‌ನಲ್ಲಷ್ಟೇ ಕಡ್ಡಾಯ ಸೈನಿಕರನ್ನು ಹೊರದೇಶಕ್ಕೆ ಕಳುಹಿಸಲು ಒಪ್ಪಿದರು. ಅವರನ್ನು ಹೇಡಿ ಎಂದವರು ಬಹಳ. ಆದರೆ 1918ರ ಕ್ವಿಬೆಕ್ ನಗರ ಅವರ ನೆನಪಿನಲ್ಲಿತ್ತು. ಆ ವರ್ಷದ ಮಾರ್ಚ್ 28ರಂದು ವಿನಾಯಿತಿ ಪತ್ರ ತೋರಿಸಲಾಗದ ಒಬ್ಬ ಯುವಕನನ್ನು ಪೊಲೀಸರು ಹಿಡಿದಾಗ ಅಲ್ಲಿ ಗಲಭೆ ಎದ್ದಿತ್ತು. ಟೊರಾಂಟೋದಿಂದ ಇಂಗ್ಲಿಷ್ ಭಾಷಿಕ ಪಡೆಯನ್ನು ತರಿಸಲಾಯಿತು. ಏಪ್ರಿಲ್ 1ರ ರಾತ್ರಿ ಆ ಪಡೆ ಗುಂಡು ಹಾರಿಸಿ ನಾಲ್ವರು ನಾಗರಿಕರು ಸತ್ತರು. ಆ ನಾಲ್ವರಿಗಾಗಿ ಆ ಬೀದಿಯಲ್ಲಿ ಒಂದು ಸ್ಮಾರಕ ಎದ್ದು ನಿಂತದ್ದು 1998ರಲ್ಲಿ.