ಗಲ್ಲಾದ ಮೇಲಿನ ಕ್ಯೂಆರ್ ಕೋಡ್: ಸಣ್ಣ ವ್ಯಾಪಾರಿಗಳ ಯುಪಿಐ ಅಭಿಪ್ರಾಯ ಮತ್ತು 2025ರ ಜಿಎಸ್‌ಟಿ ನೋಟಿಸ್

2025ರ ಜುಲೈನಲ್ಲಿ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಮತ್ತು ಟೀ ಅಂಗಡಿಗಳ ಗಲ್ಲಾದ ಮೇಲಿದ್ದ ಕ್ಯೂಆರ್ ಕೋಡ್‌ಗಳು ಕಾಣೆಯಾದವು. ಅವುಗಳ ಜಾಗದಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಬಂದವು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳ ವಿವರ ತರಿಸಿಕೊಂಡು, ಜಿಎಸ್‌ಟಿ ನೋಂದಣಿಯ ಮಿತಿ ದಾಟಿದಂತೆ ಕಂಡ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದೇ ಇದಕ್ಕೆ ಕಾರಣ. ಈ ಹಿಂದೆಗೆತವನ್ನು ಅಂದು ಕೆಲವರು ತೆರಿಗೆಗಳ್ಳತನವೆಂದರು, ಕೆಲವರು ಕಾನೂನು ತಿಳಿಯದವರ ಗಾಬರಿಯೆಂದರು. ಎರಡೂ ವಿವರಣೆಗಳು ಅರೆಬರೆ. ವ್ಯಾಪಾರಿಗಳು ಯುಪಿಐಯನ್ನು ಒಪ್ಪಿಕೊಂಡದ್ದು ಹಣ ಸಾಗಿಸುವ ಸಾಧನವಾಗಿ. ತಮ್ಮ ಲೆಕ್ಕದ ಪುಸ್ತಕವಾಗಿ ಅದನ್ನು ಅವರು ಎಂದೂ ಒಪ್ಪಿಕೊಂಡಿರಲಿಲ್ಲ. ಸುಮಾರು ಹತ್ತು ವರ್ಷಗಳ ಅವರ ದಿನನಿತ್ಯದ ಮಾತಿನಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿಯೇ ಇತ್ತು, ನಾವು ಸಂಶೋಧಕರು ಅದನ್ನು ಅಭಿಪ್ರಾಯವೆಂದು ದಾಖಲಿಸಲಿಲ್ಲ ಎಂಬುದು ಈ ಲೇಖನದ ವಾದ.

ಇಲ್ಲಿನ ಆಕರ ಸಾರ್ವಜನಿಕ ದಾಖಲೆ ಮತ್ತು ಅಂಗಡಿ ಮುಂದೆ ಗಿರಾಕಿಯಾಗಿ ನಿಂತವರ ಕಿವಿಗೆ ಬೀಳುವ ಮಾತು. ಪ್ರಶ್ನಾವಳಿ ಹಿಡಿದು ಹೋದವರಿಗೆ ಸಿಗುವ ಉತ್ತರವೇ ಬೇರೆ, ಹಾಲಿನ ಪ್ಯಾಕೆಟ್ ಕೇಳಿದವರಿಗೆ ಸಿಗುವ ಮಾತೇ ಬೇರೆ. ಜನ ಹೊಸ ತಂತ್ರಜ್ಞಾನವನ್ನು ಏಕೆ ಒಪ್ಪುತ್ತಾರೆ ಎಂಬ ಅಧ್ಯಯನಗಳಲ್ಲಿ ಫ್ರೆಡ್ ಡೇವಿಸ್ 1989ರಲ್ಲಿ ಮುಂದಿಟ್ಟ ಮಾದರಿ ಇಂದಿಗೂ ಬಳಕೆಯಲ್ಲಿದೆ. ಸಾಧನ ಉಪಯುಕ್ತವೆನಿಸಬೇಕು, ಬಳಸಲು ಸುಲಭವೆನಿಸಬೇಕು ಎಂಬುದು ಅದರ ತಿರುಳು. ಕಚೇರಿಯ ಗಣಕಯಂತ್ರಕ್ಕೆ ಈ ಅಳತೆ ಸಾಕಾಗಬಹುದು. ಅಂಗಡಿಯಲ್ಲಿ ಮಾತ್ರ ಉಪಯೋಗ ಯಾರಿಗೆ, ಎಷ್ಟು ಹೊತ್ತಿಗೆ, ಯಾರ ಕಣ್ಣೆದುರು ಎಂಬುದೂ ತೀರ್ಮಾನದೊಳಗೆ ಸೇರಿರುತ್ತದೆ.

ಇತಿಹಾಸವನ್ನು ಚುಟುಕಾಗಿ ನೋಡಬಹುದು. ರಾಷ್ಟ್ರೀಯ ಪಾವತಿ ನಿಗಮ ಯುಪಿಐಯನ್ನು 2016ರ ಏಪ್ರಿಲ್‌ನಲ್ಲಿ ಆರಂಭಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ನೋಟು ರದ್ದಾಯಿತು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿ ಕೊಡಬೇಕಾದ ಶುಲ್ಕ ಶೂನ್ಯವಾಯಿತು. 2019ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ 100 ಕೋಟಿ ದಾಟಿದ ತಿಂಗಳ ವಹಿವಾಟಿನ ಸಂಖ್ಯೆ 2025ರ ಆಗಸ್ಟ್‌ನಲ್ಲಿ 2,000 ಕೋಟಿ ದಾಟಿತು. ಜುಲೈನ ಚೀಟಿಗಳಿಂದ ದೇಶದ ಅಂಕಿ ಅಲುಗಲಿಲ್ಲ ಎಂಬುದನ್ನು ಗಮನಿಸಬೇಕು. ಒಟ್ಟು ಮೊತ್ತವನ್ನಷ್ಟೇ ನೋಡುವವರಿಗೆ ಬೆಂಗಳೂರಿನಲ್ಲಿ ಏನೂ ನಡೆದೇ ಇಲ್ಲ.

ಯುಪಿಐ ಬಗ್ಗೆ ಮೆಚ್ಚುಗೆ ಮೊದಲು ಹುಟ್ಟಿದ್ದು ಚಿಲ್ಲರೆಯ ವಿಷಯದಲ್ಲಿ. ಬಸ್ಸಿನ ಕಂಡಕ್ಟರ್ ಟಿಕೆಟ್ಟಿನ ಬೆನ್ನ ಮೇಲೆ ಬಾಕಿ ಬರೆದುಕೊಟ್ಟು, ಇಳಿಯುವ ಗಡಿಬಿಡಿಯಲ್ಲಿ ಪ್ರಯಾಣಿಕ ಅದನ್ನು ಮರೆಯುವುದು, ಎರಡು ರೂಪಾಯಿಗೆ ಬದಲಾಗಿ ಅಂಗಡಿಯವರು ಚಾಕಲೇಟ್ ಕೊಡುವುದು ನಮ್ಮಲ್ಲಿ ನಿತ್ಯದ ಜಗಳಗಳಾಗಿದ್ದವು. ‘ಚಿಲ್ಲರೆ ಇಲ್ಲ, ಫೋನ್‌ಪೇ ಮಾಡಿ ಸರ್’ ಎಂಬ ಮಾತು ಈ ಜಗಳವನ್ನು ಮುಗಿಸಿತು. ಹಣ ಯಾವ ಆ್ಯಪಿನಿಂದ ಬಂದರೂ ಅದನ್ನು ‘ಫೋನ್‌ಪೇ’ ಎಂದೇ ಕರೆಯುವವರು ಬಹಳ. ಅವರ ಮಟ್ಟಿಗೆ ಅದೊಂದು ಕಂಪನಿಯ ಸೇವೆಗಿಂತ ಹೆಚ್ಚಾಗಿ ಹಣ ಕೊಡುವ ಒಂದು ರೀತಿ.

ವ್ಯಾಪಾರಿಯ ನಿಜವಾದ ತೀರ್ಪು ತಿಳಿಯಬೇಕಾದರೆ ಗಲ್ಲಾದ ಮೇಲೆ ಕೂತ ಪುಟ್ಟ ಸ್ಪೀಕರನ್ನು ನೋಡಬೇಕು. ಹಣ ಕಳಿಸುವುದಕ್ಕೂ ಪಡೆಯುವುದಕ್ಕೂ ಅದು ಬೇಕಿಲ್ಲ, ಕ್ಯೂಆರ್ ಚೀಟಿಯೊಂದೇ ಸಾಕು. ಆದರೂ ಪಾವತಿ ಉಚಿತವಾಗಿರುವ ವ್ಯವಸ್ಥೆಯಲ್ಲಿ ಅಂಗಡಿಯವರು ತಿಂಗಳ ಬಾಡಿಗೆ ಕೊಟ್ಟು ಈ ಪೆಟ್ಟಿಗೆ ಇಟ್ಟುಕೊಂಡರು. ಬೆಳಗಿನ ಏಳೂವರೆಯ ಟೀ ಅಂಗಡಿಯನ್ನು ನೋಡಿ. ಒಂದು ಕೈಯಲ್ಲಿ ಸೋಸುವ ಬಟ್ಟೆ, ಇನ್ನೊಂದರಲ್ಲಿ ಪಾತ್ರೆ. ಮುಂದೆ ಆರೇಳು ಜನ, ಎಲ್ಲರ ಕೈಯಲ್ಲೂ ಫೋನು. ಪ್ರತಿಯೊಬ್ಬರ ಪರದೆಯ ಹಸಿರು ಗುರುತನ್ನು ನೋಡುತ್ತ ನಿಂತರೆ ಟೀ ಉಕ್ಕುತ್ತದೆ. ನೋಡದೆ ಬಿಟ್ಟರೆ ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರಿದ್ದಾರೆ, ನಕಲಿ ಆ್ಯಪ್ ಇಟ್ಟುಕೊಂಡವರೂ ಇದ್ದಾರೆ. ಪೆಟ್ಟಿಗೆ ಕನ್ನಡದಲ್ಲಿ ಮೊತ್ತ ಹೇಳಿದೊಡನೆ ಅವರು ತಲೆ ಎತ್ತದೆ ಮುಂದಿನ ಲೋಟಕ್ಕೆ ಟೀ ಸುರಿಯುತ್ತಾರೆ. ಅದು ಹೇಳದಿದ್ದರೆ ‘ಬಂದಿಲ್ಲ ಸರ್, ಒಂದ್ಸಲ ನೋಡಿ’ ಎನ್ನುತ್ತಾರೆ. ಗಿರಾಕಿ ‘ಕಟ್ ಆಗಿದೆಯಲ್ಲ’ ಎಂದರೆ ಮಾತು ಬೆಳೆಯುತ್ತದೆ. 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಗಂಟೆಗಟ್ಟಲೆ ಕೈಕೊಟ್ಟಾಗ ಎಲ್ಲೆಡೆ ಬೆಳೆದದ್ದು ಇದೇ ಮಾತು. ದುಡ್ಡು ಬಂತೆಂಬುದಕ್ಕೆ ಎಲ್ಲರೆದುರು ಕೇಳುವ ಸಾಕ್ಷಿಗೆ ವ್ಯಾಪಾರಿ ಬೆಲೆ ಕೊಟ್ಟಿದ್ದಾನೆ. ಡೇವಿಸ್ ಮಾದರಿಯ ಪ್ರಶ್ನೆಗಳಲ್ಲಿ ಈ ಬೆಲೆಗೆ ಜಾಗವಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ಹೂವು, ಸೊಪ್ಪು, ಹಣ್ಣು ಮಾರುವ ಹೆಂಗಸರ ಬುಟ್ಟಿಯ ಪಕ್ಕದ ಕೋಡನ್ನು ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಅನೇಕ ಸಲ ಗಂಡಸಿನ ಹೆಸರು ಕಾಣಿಸುತ್ತದೆ. ‘ಅದು ನನ್ನ ಮಗಂದು, ಹಾಕಿ’ ಎಂದು ಅಮ್ಮ ಹೇಳುತ್ತಾರೆ. ದುಡಿದವರು ಒಬ್ಬರು, ಖಾತೆಯ ಒಡೆಯ ಇನ್ನೊಬ್ಬರು. ಸೆರಗಿನ ಗಂಟಿನಲ್ಲೋ ಕುಪ್ಪಸದೊಳಗಿನ ಪರ್ಸಿನಲ್ಲೋ ಇರುತ್ತಿದ್ದ ದಿನದ ಗಳಿಕೆ ಈಗ ಸಂಜೆ ಕೇಳಿ ಪಡೆಯಬೇಕಾದ ಹಣವಾಗಿದೆ. ಹಣ ಎಲ್ಲ ಕೈಗಳಲ್ಲಿ ಒಂದೇ ಅಲ್ಲ, ಮನೆಯೊಳಗೆ ಅದಕ್ಕೆ ಬೇರೆಬೇರೆ ಗುರುತುಗಳಿವೆ ಎಂದು ವಿವಿಯಾನಾ ಝೆಲಿಜರ್ 1994ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು. ‘ನಂಗೆ ಕೈಗೇ ಕೊಡವ್ವ’ ಎಂದು ನೋಟು ಕೇಳುವ ಹೂವಿನವರ ಮಾತು ಆ ವಾದಕ್ಕೆ ಸೊಗಸಾದ ಪುರಾವೆ. ಅದನ್ನು ತಂತ್ರಜ್ಞಾನದ ಭಯವೆಂದು ಓದುವುದು ಅನ್ಯಾಯ.

ಜುಲೈ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 40 ಲಕ್ಷವನ್ನು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 11,000 ರೂಪಾಯಿ. ಹಾಲು, ಸಿಗರೇಟು, ಬ್ರೆಡ್ ಮಾರುವ ಕಾಂಡಿಮೆಂಟ್ಸ್ ಅಂಗಡಿಗೆ ಇದು ದೊಡ್ಡ ಮೊತ್ತವಲ್ಲ. ಅದರಲ್ಲಿ ಅಂಗಡಿಗೆ ಉಳಿಯುವ ಲಾಭ ಬಲು ಸಣ್ಣದು. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಾಗಿಯೇ ಇಲ್ಲ. ಆದರೆ ಬ್ಯಾಂಕಿನ ಜಮೆಯ ಸಾಲು ಇದ್ಯಾವುದನ್ನೂ ಹೇಳುವುದಿಲ್ಲ. ಭಾವಮೈದುನ ಹಾಕಿದ ಕೈಗಡ, ಚೀಟಿಯ ಹಣ, ಮಗಳ ಮದುವೆಗೆ ಬಂದ ಮುಯ್ಯಿ, ಪಕ್ಕದ ಅಂಗಡಿಯವರಿಗೆ ಕ್ಯಾಶ್ ಕೊಟ್ಟು ಫೋನಿಗೆ ಹಾಕಿಸಿಕೊಂಡ ಐನೂರು ಎಲ್ಲವೂ ಅಲ್ಲಿ ಒಂದೇ ಬಗೆಯ ಜಮೆ. ತರಕಾರಿ ಮಾರುವವರಿಗೂ ಲಕ್ಷಗಟ್ಟಲೆ ತೆರಿಗೆಯ ನೋಟಿಸ್ ಬಂದದ್ದು ಹೀಗೆ.

ಹಳೆಯ ಅಂಗಡಿ ಲೆಕ್ಕದಲ್ಲಿ ಈ ಗೊಂದಲ ಇರಲಿಲ್ಲ. ಉದ್ರಿಯ ಪುಸ್ತಕ ಬೇರೆ, ಗಲ್ಲಾ ಬೇರೆ, ಮನೆಯ ಡಬ್ಬಿ ಬೇರೆ. ಯುಪಿಐ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟಿತು. ಹಾಗೆ ಬರೆಯುತ್ತದೆಂದು ಕೋಡ್ ಅಂಟಿಸಲು ಬಂದ ಹುಡುಗ ಹೇಳಲಿಲ್ಲ, ಬ್ಯಾಂಕೂ ಹೇಳಲಿಲ್ಲ. ಸರ್ಕಾರದ ಕಡೆಯಿಂದಂತೂ ಉತ್ತೇಜನವೇ ಬಂತು: 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಡಿಜಿಟಲ್ ಪಾವತಿ ಪಡೆಯುವ ಬೀದಿ ವ್ಯಾಪಾರಿಗೆ ವರ್ಷಕ್ಕೆ 1,200 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಇತ್ತು.

ಆಳುವವರು ಜನರ ಬದುಕನ್ನು ತಮ್ಮ ಲೆಕ್ಕಕ್ಕೆ ಒಗ್ಗುವಂತೆ ಸರಳಗೊಳಿಸಿ ನೋಡುತ್ತಾರೆಂದು ಜೇಮ್ಸ್ ಸ್ಕಾಟ್ 1998ರಲ್ಲಿ ಬರೆದರು. ನಮ್ಮ ಪ್ರಸಂಗಕ್ಕೆ ಈ ಮಾತು ಬಹುಮಟ್ಟಿಗೆ ಒಪ್ಪುತ್ತದೆ, ಪೂರ್ತಿ ಅಲ್ಲ. ವ್ಯಾಪಾರಿಗಳು ದಾಖಲೆಯನ್ನೇ ದ್ವೇಷಿಸಿದವರಲ್ಲ. ಇದೇ ಜಮೆಯ ಸಾಲನ್ನು ತೋರಿಸಿ, ಅಡಮಾನವಿಲ್ಲದೆ ಸಣ್ಣ ಸಾಲ ಪಡೆದವರಿದ್ದಾರೆ. ಅವರಿಗೆ ಅದು ಉಪಕಾರವಾಗಿಯೇ ಕಂಡಿದೆ. ತಮ್ಮ ದಾಖಲೆಯನ್ನು ಯಾರು ಓದುತ್ತಾರೆ, ಹೇಗೆ ಓದುತ್ತಾರೆ ಎಂಬುದು ಮೊದಲೇ ತಿಳಿದಿರಬೇಕೆಂಬುದು ಅವರ ಬೇಡಿಕೆ.

ಇಲಾಖೆಗೆ ವಿವರ ಕೇಳುವ ಅಧಿಕಾರ ಇತ್ತು. ಮಿತಿ ದಾಟಿದವರು ನೋಂದಣಿ ಮಾಡಿಸಬೇಕು ಎಂಬುದರಲ್ಲೂ ತಕರಾರಿಲ್ಲ. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿವರೆಗೆ ಸರಕು ಮಾರುವವರು ವಹಿವಾಟಿನ ಶೇ. 1ರಷ್ಟು ಕಟ್ಟಿ ಮುಗಿಸಬಹುದಾದ ರಾಜಿ ತೆರಿಗೆಯ ಪದ್ಧತಿಯೂ ಇದೆ. ಅದನ್ನು ನಾಲ್ಕು ವರ್ಷ ಮೊದಲೇ ಅಂಗಡಿ ಬಾಗಿಲಲ್ಲಿ ತಿಳಿಸಿದ್ದರೆ ಕತೆ ಬೇರೆಯಾಗುತ್ತಿತ್ತು. ಜಮೆಯ ಸಾಲನ್ನೇ ಮಾರಾಟದ ಲೆಕ್ಕವೆಂದು ಓದಿ, ಹಿಂದಿನ ವರ್ಷಗಳ ತೆರಿಗೆಯನ್ನು ಒಟ್ಟಿಗೇ ಕೇಳಿದ್ದು ತಪ್ಪು. ವ್ಯಾಪಾರಿಗಳು ಹಾಲಿನ ಪದಾರ್ಥ ಮಾರದೆ ಪ್ರತಿಭಟಿಸಿದರು, ಜುಲೈ 25ಕ್ಕೆ ಬಂದ್ ಕರೆದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆಸಿ ಮಾತಾಡಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮಿತಿ ದಾಟಿದವರು ನೋಂದಣಿ ಮಾಡಿಸಬೇಕು ಎಂದ ಮೇಲೆ ಬಂದ್ ಕೈಬಿಡಲಾಯಿತು.

ಕನ್ನಡದಲ್ಲಿ ತಂತ್ರಜ್ಞಾನದ ಬಗ್ಗೆ ಸಂಶೋಧನೆ ಮಾಡುವವರು ಬಳಕೆದಾರರ ಸಂಖ್ಯೆಯ ಜೊತೆಗೆ ಅಂಗಡಿಯ ಮಾತನ್ನೂ ಬರೆದಿಡಬೇಕು. ಪಾವತಿ ಕಂಪನಿಗಳೂ ಬ್ಯಾಂಕುಗಳೂ ಕ್ಯೂಆರ್ ಕೋಡ್ ಅಂಟಿಸುವ ದಿನವೇ ವ್ಯಾಪಾರಿಯ ಕೈಗೆ ಒಂದು ಪುಟ ಕೊಡಲಿ: ಯಾವ ವಿವರ ದಾಖಲಾಗುತ್ತದೆ, ಅದನ್ನು ಯಾರು ಕೇಳಬಹುದು, ಮನೆಯ ಹಣಕ್ಕೆ ಬೇರೆ ಖಾತೆ ಏಕೆ ಬೇಕು, ಎಷ್ಟು ವಹಿವಾಟಾದರೆ ನೋಂದಣಿ ಮಾಡಿಸಬೇಕು. ಆ ಪುಟ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಲಿ. ವಾಣಿಜ್ಯ ತೆರಿಗೆ ಇಲಾಖೆ ಇದನ್ನು ಕಡ್ಡಾಯ ಮಾಡಬೇಕೆಂದು ಈ ಲೇಖನ ಒತ್ತಾಯಿಸುತ್ತದೆ.