ಲಾಂಚಿನ ಹೊಟ್ಟೆಯೊಳಗಿನ ಎಣ್ಣೆ

ಸಿಗಂದೂರು ಲಾಂಚ್ ಬಗ್ಗೆ ಬರೆದವರೆಲ್ಲ ಹಿನ್ನೀರು, ಸೂರ್ಯಾಸ್ತ ಅಂತ ಬರೀತಾರೆ. ಕೆಳಗೆ ಗುಡುಗುಡು ಅನ್ನುತ್ತಿದ್ದ ಡೀಸೆಲ್ ಇಂಜಿನ್ ಬಗ್ಗೆ ಬರೆದದ್ದು ನಾನಂತೂ ಕಂಡಿಲ್ಲ.

ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟನ್ನೂ ನುಂಗಿಕೊಂಡು 1964ರಲ್ಲಿ ಲಿಂಗನಮಕ್ಕಿ ಎದ್ದು ನಿಂತಿತು. ಕರೂರು, ಬಾರಂಗಿ ಹೋಬಳಿಯವರ ಸಾಗರದ ದಾರಿ ನೀರಿನಡಿ ಹೋಯ್ತು. ಆಮೇಲೆ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಬಸ್ಸು, ಜನ, ಹೆರಿಗೆ ನೋವಿನವರು ಎಲ್ಲರೂ ಲಾಂಚಿನಲ್ಲೇ ದಾಟಬೇಕು. ಇಂಜಿನ್ನಿನ ಎಣ್ಣೆ ಖಾಲಿಯಾಗಿ ಬೇರಿಂಗ್ ಕಚ್ಚಿಕೊಂಡರೆ ನಡುನೀರಿನಲ್ಲೇ ಗತಿ!

ದೋಣಿಯಲ್ಲಿ ಸೋರಿಕೆ ಹುಡುಕೋದು ಲಾರಿಯಷ್ಟು ಸುಲಭವಲ್ಲ ಮಾರಾಯ್ರೆ. ಲಾರಿಯಾದರೆ ನೆಲದ ಮೇಲೆ ಕಲೆ ಬೀಳುತ್ತೆ. ಇಲ್ಲಿ ಬಿದ್ದ ಎಣ್ಣೆ ತಳದ ನೀರಿಗೆ ಸೇರಿ ಎಲ್ಲ ಕಡೆ ಹರಡಿರುತ್ತೆ. ಅದಕ್ಕೇ ಮೊದಲು ಇಂಜಿನ್ ಪೂರ್ತಿ ಒರೆಸಿ, ಅನುಮಾನ ಇದ್ದಲ್ಲಿ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಓಡಿಸಿ ನೋಡೋದು. ಎಲ್ಲಕ್ಕಿಂತ ಮೇಲೆ ಎಲ್ಲಿ ಒದ್ದೆಯಾಯ್ತೋ ಅಲ್ಲೇ ಮೂಲ. ಕೆಳಗಿನದೆಲ್ಲ ಅದರ ಇಳಿಜಾರು. ಆಯಿಲ್ ಕೂಲರಿನ ಕೊಳವೆ ಒಡೆದಿದ್ದರೆ ಮಾತ್ರ ಒಳಗೆ ಏನೂ ಕಾಣೋದೇ ಇಲ್ಲ. ತಂಪು ಮಾಡಿದ ನೀರು ಹೊರಬೀಳುವಲ್ಲಿ ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತೆ.

ಹಳೇ ಇಂಜಿನ್ನುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಹಿಂಬದಿಗೆ ರಬ್ಬರ್ ಸೀಲೇ ಇರುತ್ತಿರಲಿಲ್ಲ. ಗ್ರಾಫೈಟ್ ಸವರಿದ ಹಗ್ಗ, ಇಲ್ಲವೇ ಎಣ್ಣೆಯನ್ನು ವಾಪಸ್ ಒಳಕ್ಕೆ ತಳ್ಳುವ ತಿರುಪಿನ ಗೆರೆ, ಅಷ್ಟೇ. ತೊಟ್ಟಿಕ್ಕೋದು ಅವುಗಳ ಸ್ವಭಾವ. ಚರ್ಮದ ಸೀಲ್ ಹೋಗಿ ಕೃತಕ ರಬ್ಬರಿನ ತುಟಿಯಿರುವ ಸೀಲ್ ಬಂದದ್ದು ಎಷ್ಟು ದೊಡ್ಡ ಸಂಗತಿ ಅಂತ ಇಂಜಿನ್ ಬಿಚ್ಚಿದವರಿಗೇ ಗೊತ್ತು.

ಆದರೆ ಹೊಸ ಸೀಲ್ ಹಾಕಿದರೂ ಸೋರಿದರೆ? ಬ್ರೀದರ್ ಕಟ್ಟಿದೆಯಾ ನೋಡಬೇಕು. ಉಸಿರಾಡುವ ದಾರಿ ಮುಚ್ಚಿದರೆ ಒಳಗಿನ ಒತ್ತಡ ಒಳ್ಳೇ ಸೀಲಿನಿಂದಲೂ ಎಣ್ಣೆ ನೂಕುತ್ತೆ. ಅದೂ ಸರಿಯಿದ್ದರೆ ಶಾಫ್ಟಿನ ಮೇಲೆ ಉಗುರು ಎಳೆಯಿರಿ. ಹಳೇ ಸೀಲ್ ಕೊರೆದ ಗೀರು ಸಿಕ್ಕಿದರೆ ಹೊಸದನ್ನು ಅದೇ ಜಾಗಕ್ಕೆ ಹಾಕಬಾರದು. ಕೂಡಿಸುವ ಗೂಡಿನಲ್ಲಿ ಜಾಗವಿದ್ದರೆ ಸ್ವಲ್ಪ ಸರಿಸಬೇಕು, ಇಲ್ಲವಾದರೆ ತೆಳು ಉಕ್ಕಿನ ತೋಳು ತೊಡಿಸಬೇಕು. ಬೋಲ್ಟ್ ಇನ್ನೂ ಬಿಗಿ ಮಾಡ್ತೀನಿ ಅಂತ ಹೊರಟರೆ ಗ್ಯಾಸ್ಕೆಟ್ಟೇ ಹಿಂಡಿ ಹೋಗುತ್ತೆ.

2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಯ್ತು. ಆ ದಡದವರು ಈಗ ಇಂಜಿನ್ ನಂಬಿ ಕೂರಬೇಕಿಲ್ಲ. ನಮ್ಮ ಹುಲಿಕಲ್ ಕಡೆ ತೋಟಕ್ಕೆ ಡೀಸೆಲ್ ಪಂಪ್ ಇಟ್ಟುಕೊಂಡವರು ಮಾತ್ರ ಮೊದಲು ಬ್ರೀದರ್ ನೋಡಿ, ಆಮೇಲೆ ಸೀಲಿಗೆ ದುಡ್ಡು ಹಾಕಿ.