ಕೂಲಿಯಿಲ್ಲದ ವಾರದ ಕಡಲ ಪಯಣ

ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದ ಹತ್ತಿ ಗಿರಣಿಗಳ ಊರುಗಳಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಬೇಸಿಗೆಯ ಒಂದು ವಾರ ಊರಿಗೆ ಊರೇ ಖಾಲಿಯಾಗುತ್ತಿತ್ತು. ಅದು ‘ವೇಕ್ಸ್ ವಾರ’. ಮೂಲದಲ್ಲಿ ಚರ್ಚಿನ ಜಾತ್ರೆ. 1846ರಲ್ಲಿ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ರೈಲು ಬಂದ ಮೇಲೆ ಜಾತ್ರೆಯ ಜನ ಕ್ರಮೇಣ ಕಡಲಿನತ್ತ ಹೊರಳಿದರು.

ಗಿರಣಿಗಳೆಲ್ಲ ಒಟ್ಟಿಗೇ ಮುಚ್ಚುತ್ತಿದ್ದುದರಿಂದ ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳಿಗೆ ಬಿಡುವು ಹೊಂದಿಸುವ ತಾಪತ್ರಯವಿರಲಿಲ್ಲ. ತಾಪತ್ರಯವೆಲ್ಲ ದುಡ್ಡಿನದು. ಆ ವಾರಕ್ಕೆ ಕೂಲಿಯೇ ಇಲ್ಲ! ಹೀಗಾಗಿ ಸಿದ್ಧತೆ ವರ್ಷವಿಡೀ ನಡೆಯುತ್ತಿತ್ತು. ಉಳಿತಾಯ ಸಂಘಕ್ಕೆ ವಾರವಾರವೂ ಪುಡಿಗಾಸು ಕಟ್ಟಬೇಕು. ನಮ್ಮ ಹಬ್ಬದ ಚೀಟಿಯಂತೆಯೇ ಅನ್ನಿ. ಬ್ಲ್ಯಾಕ್‌ಪೂಲಿನ ಅನೇಕ ತಂಗುಮನೆಗಳಲ್ಲಿ ಬಾಡಿಗೆ ಕೋಣೆಗೆ ಮಾತ್ರ. ದಿನಸಿ ತಂದುಕೊಟ್ಟರೆ ಮನೆಯೊಡತಿ ಬೇಯಿಸಿ ಬಡಿಸುವಳು. ಮೇಜಿನ ಮೇಲಿನ ಉಪ್ಪು, ಮೆಣಸಿನಪುಡಿಗೂ ಕೆಲವೆಡೆ ಬೇರೆ ಲೆಕ್ಕ. ಮಕ್ಕಳು ಒಂದೇ ಹಾಸಿಗೆಯಲ್ಲಿ ಮೂರು ನಾಲ್ಕು ಜನ ಮಲಗಿದರೆ ಅಷ್ಟು ಉಳಿತಾಯ.

ಮರಳಿ ಬಂದಾಗ ಕೈ ಬರಿದು, ಮುಂದಿನ ಕೂಲಿಗೆ ಮತ್ತೆ ಕಾಯಬೇಕು. ಬ್ರಿಟನ್ನಿನಲ್ಲಿ ಸಂಬಳಸಹಿತ ರಜೆಯ ಕಾಯ್ದೆ ಬಂದದ್ದು 1938ರಲ್ಲಿ. ಮರುವರ್ಷವೇ ಯುದ್ಧ ಶುರುವಾಯಿತು. ಕಾಯ್ದೆಯ ನಿಜವಾದ ಫಲ ಬಹಳಷ್ಟು ಕುಟುಂಬಗಳಿಗೆ ದಕ್ಕಿದ್ದು 1945ರ ನಂತರವೇ.